ಕುಡಿತ, ಡ್ರಗ್ಸ್ ಚಟದ ಬಗ್ಗೆ ಓದೋಕೆ ಎಲ್ಲಿಂದ ಶುರು ಮಾಡಬೇಕು?

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಕುಮಟಾದಲ್ಲಿ ಕೆಲಸದಲ್ಲಿದ್ದೇನೆ, ಚಟದ ಬಗ್ಗೆ ಓದಬೇಕು ಅಂದ್ರೆ ಮಾನಸಿಕ ವಾರ್ಡಿಗೇ ಸೇರಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ, ಈಗಿರುವ ವಾರ್ಡಿನಲ್ಲೇ ಶುರು ಮಾಡಿ. ನಮ್ಮ ಕರಾವಳಿಯಲ್ಲಿ ಕಾಲು ಮುರಿದು ಬಂದವರು ಎರಡನೇ ದಿನ ಬೆವರುತ್ತಾ, ಕೈ ನಡುಗುತ್ತಾ, ಹಾಸಿಗೆ ಮೇಲೆ ಇಲ್ಲದ ಹುಳ ಹುಡುಕೋದು ಹೊಸತೇನಲ್ಲ. ದಿನಾ ಕುಡಿಯುವವರಿಗೆ ಕುಡಿತ ಒಮ್ಮೆಲೇ ನಿಂತಾಗ ಹೀಗಾಗುತ್ತದೆ, ಮನೆಯವರು ಮಾತ್ರ ಜ್ವರ ತಲೆಗೇರಿದೆ ಅಂದುಕೊಂಡಿರುತ್ತಾರೆ.

ಮೊದಲು ಇದನ್ನೇ ಚೆನ್ನಾಗಿ ಓದಿ. ಕುಡಿತ ನಿಂತ 6ರಿಂದ 8 ಗಂಟೆಗೆ ನಡುಕ, ಸಾಮಾನ್ಯವಾಗಿ 48 ಗಂಟೆಯೊಳಗೆ ಫಿಟ್ಸ್, 2ರಿಂದ 4 ದಿನದಲ್ಲಿ ಡೆಲಿರಿಯಂ, ಅಂದ್ರೆ ಬುದ್ಧಿ ಗೊಂದಲವಾಗಿ ಇಲ್ಲದ್ದು ಕಾಣೋದು. ಇದರಲ್ಲಿ ಜೀವವೇ ಹೋಗಬಹುದು. ಗ್ಲೂಕೋಸ್ ಜೊತೆ ಥಯಾಮಿನ್ (ವಿಟಮಿನ್ ಬಿ1) ಕೊಡೋದು ಮರೆತರೆ ಮೆದುಳಿಗೆ ಯಾಕೆ ಪೆಟ್ಟು ಬೀಳಬಹುದು ಅನ್ನೋದನ್ನೂ ಓದಿ. ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಅಂತ ಕುಡಿತದ ಅಪಾಯ ಅಳೆಯುವ 10 ಪ್ರಶ್ನೆಗಳಿವೆ, ಅದನ್ನು ಕಲಿತುಕೊಳ್ಳಿ. ಆದ್ರೆ ಹೆಂಡತಿ ಮಕ್ಕಳ ಎದುರು ಕೇಳಬೇಡಿ, ಯಾರೂ ನಿಜ ಹೇಳಲ್ಲ.

ಕೋರ್ಸ್ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ಆರೋಗ್ಯ ನರ್ಸಿಂಗ್ ಡಿಪ್ಲೊಮಾ ಇದೆ, ವ್ಯಸನಕ್ಕೇ ಬೇರೆ ವಿಭಾಗವೂ ಇದೆ. ಅಲ್ಲಿಯವರೆಗೆ ಡಿಸ್ಚಾರ್ಜ್ ಆಗುವವರ ಮನೆಯವರಿಗೆ ಚಟ ಬಿಡಿಸುವ 14446 ಸಹಾಯವಾಣಿ ನಂಬರ್ ಬರೆದುಕೊಡಿ, ಉಚಿತ.