ಒಂದು ಚಮಚ ಹೆಪ್ಪು

ಪತ್ರ: ಆರು ವರ್ಷದಿಂದ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಎದುರು ಮನೆಯವರ ಹೆಸರು ಗೊತ್ತಾಗಿದ್ದು ಅವರ ಕೊರಿಯರ್ ತಪ್ಪಿ ನಮ್ಮ ಬಾಗಿಲಿಗೆ ಬಂದಾಗ. ಅದಕ್ಕೆ ನನಗೇನೂ ಬೇಜಾರಿಲ್ಲ. ವಠಾರದಲ್ಲಿ ಬೆಳೆದವಳು ನಾನು, ಇಣುಕಿ ನೋಡುವವರ ಸಹವಾಸ ಸಾಕಾಗಿದೆ. ನೀವು ಮಾತ್ರ ನೆರೆಹೊರೆ, ನೆರೆಹೊರೆ ಅಂತ ಕೊರಗುತ್ತಲೇ ಇರುತ್ತೀರಿ. ನೆರೆಮನೆಯವರ ದುಃಖಕ್ಕೆ ಅಳುವವರನ್ನು ಕೂಡಲಸಂಗಮದೇವ ಮೆಚ್ಚುವುದಿಲ್ಲ ಅಂತ ಬಸವಣ್ಣನವರೇ ಹೇಳಿಲ್ಲವೇ?
– ಓದುಗರೊಬ್ಬರು, ಜೆ.ಪಿ. ನಗರ

ಸಂಪಾದಕರ ಉತ್ತರ: ವಠಾರದ ಬಗ್ಗೆ ನಿಮ್ಮ ಮಾತು ನಿಜ ಕಣಮ್ಮ. ಹತ್ತು ಮನೆಗೆ ಒಂದೇ ನಲ್ಲಿ, ಬೆಳಗಾದರೆ ಬಚ್ಚಲಿಗೆ ಸಾಲು. ಮನೆಗೆ ಬಂದ ನೆಂಟರು ಹೊರಡುವುದು ಯಾವತ್ತು ಅನ್ನುವುದು ನಮಗಿಂತ ಮೊದಲು ಪಕ್ಕದವರಿಗೆ ಗೊತ್ತಾಗುತ್ತಿತ್ತು. ಜಾತಿ ಕೇಳಿ ಬಾಡಿಗೆಗೆ ಕೊಡುವ ಮಾಲೀಕರು ಆಗಲೂ ಇದ್ದರು, ಈಗಲೂ ಇದ್ದಾರೆ.

ಆದರೆ ಬಸವಣ್ಣನವರನ್ನು ಸಾಕ್ಷಿಗೆ ಕರೆತಂದಿರಲ್ಲ, ಅದನ್ನು ಒಪ್ಪಲಾರೆ. ಆ ವಚನ ಶುರುವಾಗುವುದು ಲೋಕದ ಡೊಂಕು ತಿದ್ದಲು ಹೊರಟವರನ್ನು ಗದರಿಸುತ್ತಾ. ಮೆಚ್ಚುವುದಿಲ್ಲ ಅಂದಿದ್ದು ಅಳುವವರನ್ನು. ಹೆಪ್ಪು ಕೊಡುವವರನ್ನಲ್ಲ!

ಹೆಪ್ಪು ಅಂದೆ. ಅದನ್ನೇ ಹೇಳುತ್ತೇನೆ. ಈಗಿರುವ ಮನೆಗೆ ಬಂದ ಮಾರನೇ ದಿನ ಹಾಲು ಕಾಯಿಸಿದ್ದಾಯಿತು, ಹೆಪ್ಪು ಹಾಕಲು ಮೊಸರಿಲ್ಲ. ಹೆಂಡತಿ ಒಂದು ಬಟ್ಟಲು ಕೈಗಿಟ್ಟು ಪಕ್ಕದ ಮನೆಗೆ ಅಟ್ಟಿದಳು. ಅಂಗಡಿಯಿಂದ ಪ್ಯಾಕೆಟ್ ತರುತ್ತೇನೆ ಅಂದೆ, ಕೇಳಲಿಲ್ಲ. ಹೋಗಿ ಸಂಕೋಚದಿಂದ ನಿಂತೆ. ಆ ಅಜ್ಜಿ ನನ್ನ ಬಟ್ಟಲನ್ನು ಮುಟ್ಟಲೇ ಇಲ್ಲ. ಒಳಗಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತಂದರು. ಒಂದು ಚಮಚ ಕೇಳಿದ್ದಕ್ಕೆ ಅರ್ಧ ಡಬ್ಬಿ ಗಟ್ಟಿ ಮೊಸರು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು ಕೊರೆಸಿತ್ತು. ಪಾತ್ರೆಗೆ ಹೆಸರು ಕೊರೆಸುತ್ತಿದ್ದುದು ಯಾಕೆ ಹೇಳಿ? ಪಾತ್ರೆ ಮನೆಯಿಂದ ಮನೆಗೆ ಓಡಾಡುತ್ತಿತ್ತು, ಅದಕ್ಕೆ. ಡಬ್ಬಿಯನ್ನು ಖಾಲಿ ವಾಪಸು ಕೊಡುವ ಹಾಗಿಲ್ಲ. ನಾವು ಚಟ್ನಿಪುಡಿ ತುಂಬಿ ಕೊಟ್ಟೆವು. ಅದು ಹುರಿಗಾಳು ತುಂಬಿಕೊಂಡು ಬಂತು. ಹೀಗೆ ಶುರುವಾಗಿದ್ದು ಇನ್ನೂ ನಿಂತಿಲ್ಲ.

ಜನ ಇಲ್ಲೇ ಎಡವುತ್ತಾರೆ. ನೆರೆಯವರ ಸ್ನೇಹ ಬೇಕು ಅಂತ ಸ್ವೀಟ್ ಬಾಕ್ಸ್ ಹಿಡಿದು ಹೋಗುತ್ತಾರೆ. ಕೊಡಲು ಹೋಗಬೇಡಿ, ಕೇಳಲು ಹೋಗಿ. ಕೊಟ್ಟರೆ ಅವರಿಗೆ ಹಂಗು. ಕೇಳಿದರೆ ಹಂಗು ನಮಗೆ, ಅವರಿಗೆ ಖುಷಿ. ಏಣಿ ಕೇಳಿ, ಕರಿಬೇವು ಕೇಳಿ, ಸುತ್ತಿಗೆ ಕೇಳಿ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದ್ದು ನಿಮಗೂ ನೆನಪಿರಬೇಕು. ನಮ್ಮದೂ ಕೈಕೊಟ್ಟಿತು. ಟ್ಯಾಂಕರಿಗೆ ಫೋನು ಮಾಡಿ ಮಾಡಿ ಸಾಕಾಗಿದ್ದಾಗ, ಕಾಂಪೌಂಡ್ ಗೋಡೆಯ ಮೇಲಿಂದ ಒಂದು ಹಸಿರು ಪೈಪು ಇಳಿದು ನಮ್ಮ ಸಂಪಿನೊಳಗೆ ಹೋಯಿತು. ಯಾರೂ ಮೀಟಿಂಗ್ ಕರೆದಿರಲಿಲ್ಲ, ಅಜ್ಜಿ ಮಗನಿಗೆ ಹೇಳಿದ್ದರು, ಅಷ್ಟೇ.

ಇದನ್ನು ನನ್ನ ಹಳೇ ತಲೆಯ ಗೊಣಗಾಟ ಅಂದುಕೊಳ್ಳಬೇಡಿ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಒಂಟಿಯಾಗಿದ್ದ ಮುದುಕರೇ ಜಾಸ್ತಿ. ಎರಿಕ್ ಕ್ಲೀನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ ಅಕ್ಕಪಕ್ಕದ ಎರಡು ಬಡ ಬಡಾವಣೆಗಳನ್ನು ಹೋಲಿಸಿ ನೋಡಿದರು. ಅಂಗಡಿ ಇದ್ದು, ಬೀದಿಯಲ್ಲಿ ಜನ ಓಡಾಡುತ್ತಿದ್ದ ಕಡೆ ಸಾವು ತೀರಾ ಕಡಿಮೆ. ಇನ್ನೊಂದು ಕಡೆ ಮುದುಕರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದರು.

ನಮ್ಮ ಬೀದಿಗಳನ್ನು ನೋಡಿ ಈಗ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಕಟ್ಟಿದಾಗ ಪೇಟೆಯ ಇಕ್ಕಟ್ಟು ಬೇಡವೆಂದು ಅಗಲ ರಸ್ತೆ ಮಾಡಿದರು. ಆದರೂ ಅಲ್ಲಿನ ಹಳೇ ಮನೆಗಳಿಗೆ ಜಗಲಿ ಇತ್ತು. ಸಂಜೆ ಅಲ್ಲಿ ಕೂತವರಿಗೆ ಹೋಗಿಬರುವವರೆಲ್ಲ ಪರಿಚಯ. ಈಗ 30x40 ಸೈಟಿನಲ್ಲಿ ನಾಲ್ಕು ಮಹಡಿ ಎದ್ದಿದೆ, ಜಗಲಿ ಇರಬೇಕಾದ ಜಾಗದಲ್ಲಿ ಕಾರು ನಿಂತಿದೆ. ಎರಡನೇ ಕಾರು ಫುಟ್‌ಪಾತಿಗೆ. ಅದನ್ನು ಹತ್ತಿಸಲು ಮಾಡಿದ ಇಳಿಜಾರು ರಸ್ತೆಗೇ ಬಂದಿದೆ. ಹತ್ತು ನಿಮಿಷಕ್ಕೆ ಕೊತ್ತಂಬರಿ ತಂದುಕೊಡುವ ಹುಡುಗರು ಬೇರೆ ಬಂದರು. ಪಾಪ, ಅವರದೇನು ತಪ್ಪು? ಆದರೆ ಪಕ್ಕದ ಮನೆ ಬೆಲ್ ಒತ್ತಲು ಉಳಿದಿದ್ದ ಒಂದು ನೆಪವೂ ಹೋಯಿತು. ವಾಟ್ಸಾಪ್ ಗುಂಪು ಇದೆಯಲ್ಲ ಅನ್ನುತ್ತೀರಾ? ನಮ್ಮ ಬೀದಿಯದರಲ್ಲಿ ನಾನೂ ಇದ್ದೇನೆ. ಬೆಳಗ್ಗೆ ಗುಡ್ ಮಾರ್ನಿಂಗ್ ಹೂವು, ಸಂಜೆ ‘ಇದು ಯಾರ ನಾಯಿ?’

ನಿಮ್ಮ ಪತ್ರ ಮತ್ತೆ ಓದಿದೆ. ಕೊರಿಯರ್ ತಪ್ಪಿ ಬಂತು ಅಂದಿರಿ. ಅದನ್ನು ನೀವೇ ಹೋಗಿ ಕೊಟ್ಟಿರೋ, ಸೆಕ್ಯುರಿಟಿಯವನ ಕೈಯಲ್ಲಿ ಕಳಿಸಿದಿರೋ ಬರೆದಿಲ್ಲ. ಪರವಾಗಿಲ್ಲ. ಹೆಸರಂತೂ ಗೊತ್ತಾಗಿದೆ. ಈ ವಾರ ಒಂದು ದಿನ ಮೊಸರು ಮುಗಿಯುವವರೆಗೆ ಕಾದು, ಬಟ್ಟಲು ಹಿಡಿದು ಹೋಗಿ. ದೀಪ ಹಚ್ಚುವುದರೊಳಗೆ ಹೋಗಿಬನ್ನಿ. ಹೊತ್ತು ಮುಳುಗಿದ ಮೇಲೆ ಹೆಪ್ಪು ಕೊಡದವರು ಈಗಲೂ ಇದ್ದಾರೆ.
– ಸಂ.