ಐದು ಜನ, ಒಂದು ಕ್ಯಾಮೆರಾ: ಹಾರರ್ ಬಿಡಿ, ಹಗಲಿನ ಥ್ರಿಲ್ಲರ್ ಹಿಡಿಯಿರಿ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಕಾರವಾರದಲ್ಲಿ ಐದು ಜನರ ಟೀಮ್, ಒಂದು ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆಗೆ ಬಂದ ಲೆನ್ಸ್, ಹತ್ತು ನಿಮಿಷದ ಸಿನಿಮಾ, ಆಗಸ್ಟ್ ಕೊನೆಗೆ ಕಾಲೇಜಿಗೆ ಕೊಡಬೇಕು. ಇಬ್ಬರಿಗೆ ಸದಾಶಿವಗಡದ ಕೋಟೆ ಗುಡ್ಡದಲ್ಲಿ ರಾತ್ರಿ ಹಾರರ್ ಬೇಕು, ಒಬ್ಬನಿಗೆ ಕಾಮಿಡಿ, ಒಬ್ಬಳಿಗೆ ಲವ್ ಸ್ಟೋರಿ, ನಿನಗೆ ಥ್ರಿಲ್ಲರ್. ಯಾವುದನ್ನು ಆರಿಸಲಿ ಅನ್ನುತ್ತೀಯ. ನಾನಾದರೆ ಮೊದಲು ಹಾರರ್ ತೆಗೆದುಹಾಕುತ್ತೇನೆ.

ಕತ್ತಲೆ ಅಂದರೆ ಖರ್ಚಿಲ್ಲ ಅಂತ ಎಲ್ಲರೂ ತಿಳಿದುಕೊಳ್ಳುತ್ತಾರೆ. ಆದರೆ ತೆರೆಯ ಮೇಲೆ ಕತ್ತಲೆ ಕಾಣಬೇಕಾದರೂ ಬೆಳಕು ಬೇಕು, ಹಗಲಿಗಿಂತ ಜಾಸ್ತಿ ಲೈಟು ಬೇಕು. ನಿಮ್ಮ ಲೆನ್ಸ್ ರಾತ್ರಿ ಸಾಲದು. ಐಎಸ್ಒ, ಅಂದರೆ ಕ್ಯಾಮೆರಾ ಚಿತ್ರವನ್ನು ಬೆಳಗಿಸುವ ಸೆಟ್ಟಿಂಗ್, ಏರಿಸುತ್ತಾ ಹೋದರೆ ಚಿತ್ರವೆಲ್ಲ ಕಾಳುಕಾಳಾಗುತ್ತದೆ. ಗಡದ ಮೇಲೆ ಲೈಟಿಗೆ ಕರೆಂಟು ಎಲ್ಲಿಂದ ತರುತ್ತೀರಿ? ಅಲ್ಲಿ ದುರ್ಗಾದೇವಿ ಗುಡಿ ಬೇರೆ ಇದೆ, ಜನ ಭಕ್ತಿಯಿಂದ ಬರುವ ಜಾಗದಲ್ಲಿ ದೆವ್ವದ ವೇಷ ಹಾಕಿಕೊಂಡು ಓಡಾಡಿದರೆ ಯಾರಾದರೂ ಬಂದು ಕೇಳೇ ಕೇಳುತ್ತಾರೆ. ಇಷ್ಟೆಲ್ಲ ಸರಿಹೋದರೂ ಹಾರರ್‌ನಲ್ಲಿ ಅರ್ಧ ಕೆಲಸ ಸದ್ದಿನದು, ನಿಮ್ಮಲ್ಲಿ ಮೈಕೇ ಇಲ್ಲ. ಆ ಇಬ್ಬರು ಹಟ ಬಿಡದಿದ್ದರೆ ಒಂದೇ ಒಂದು ರಾತ್ರಿ ದೃಶ್ಯವನ್ನು ಹಗಲಲ್ಲೇ ತೆಗೆಯಿರಿ. ಮೋಡ ಮುಚ್ಚಿದ ದಿನ, ಎರಡು ಸ್ಟಾಪ್‌ನಷ್ಟು, ಅಂದರೆ ಬೆಳಕು ಕಾಲುಭಾಗಕ್ಕೆ ಇಳಿಯುವಷ್ಟು, ಕಡಿಮೆ ಎಕ್ಸ್‌ಪೋಸ್ ಮಾಡಿ, ಬಣ್ಣ ಸ್ವಲ್ಪ ನೀಲಿಗೆ ತಳ್ಳಿ, ಆಕಾಶ ಮಾತ್ರ ಫ್ರೇಮಿನೊಳಗೆ ಬರಕೂಡದು. ಚೆನ್ನಾಗಿಯೇ ಕಾಣುತ್ತದೆ.

ಲವ್ ಸ್ಟೋರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೀಚಿನಲ್ಲಿ ನಡೆದಾಡಿಸಿ ಹಿಂದೆ ಯಾವುದೋ ಸಿನಿಮಾ ಹಾಡು ಹಾಕುತ್ತೀರಿ, ಹಕ್ಕುಸ್ವಾಮ್ಯದ ಕಾರಣಕ್ಕೆ ಯೂಟ್ಯೂಬ್ ಅದನ್ನು ಮ್ಯೂಟ್ ಮಾಡಿಬಿಡಬಹುದು. ಆಮೇಲೆ ಉಳಿಯುವುದು ಬರೀ ನಡಿಗೆ, ಅಲ್ವಾ?

ಕಾಮಿಡಿ ಸುಲಭ ಅಂತ ಅಂದುಕೊಳ್ಳಬೇಡಿ. ಒಂದು ಡೈಲಾಗ್ ಅರ್ಧ ಸೆಕೆಂಡ್ ತಡವಾದರೆ ನಗು ಸತ್ತುಹೋಗುತ್ತದೆ, ಅದನ್ನು ಎಡಿಟಿಂಗ್‌ನಲ್ಲಿ ಪೂರ್ತಿ ಸರಿಮಾಡಲು ಬರುವುದಿಲ್ಲ. ಗುಂಪಿನಲ್ಲಿ ಒಬ್ಬನಾದರೂ ನಿಜವಾಗಿ ನಗಿಸುವವನಿದ್ದರೆ ಮಾತ್ರ ಕೈಹಾಕಿ. ಅಂಥವನಿದ್ದರೆ ಅವನಿಂದ ಪುಸ್ತಕದ ಕನ್ನಡ ಆಡಿಸಬೇಡಿ ಮಾರಾಯಾ. ಮನೆಯಲ್ಲಿ ಕೊಂಕಣಿಯೋ, ಕೊಂಕಣಿ ಬೆರೆತ ಕನ್ನಡವೋ ಏನು ಆಡುತ್ತಾನೋ ಅದೇ ಇರಲಿ, ಕೆಳಗೆ ಸಬ್‌ಟೈಟಲ್ ಹಾಕಿ.

ಥ್ರಿಲ್ಲರ್ ಯಾಕೆ ಅಂದರೆ, ಅದರಲ್ಲಿ ನೋಡುವವನಿಗೆ ಏನು ತೋರಿಸುತ್ತೀರಿ, ಏನು ಮುಚ್ಚಿಡುತ್ತೀರಿ ಅನ್ನುವುದೇ ಮುಖ್ಯ. ನಟನೆ ಸ್ವಲ್ಪ ಸುಮಾರಾಗಿದ್ದರೂ ಕೈ, ಕಾಲು, ಬಾಗಿಲ ಚಿಲಕ, ಮೊಬೈಲ್ ಪರದೆ, ಇಂಥ ಶಾಟ್‌ಗಳಿಂದ ನಡೆಸಬಹುದು. ಒಂದು ಮನೆ, ಇಬ್ಬರು ನಟರು, ಹಗಲು ಹೊತ್ತು, ಸಾಕು. ಕಷ್ಟವೆಲ್ಲ ಸ್ಕ್ರಿಪ್ಟಿನಲ್ಲಿ. ಕೊನೆ ಏನು ಅಂತ ಮೊದಲು ಬರೆದುಕೊಳ್ಳಿ, ಆಮೇಲೆ ಶುರುವಿಗೆ ಬನ್ನಿ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಲೆಕ್ಕ, ಎಂಟು ಪುಟ ದಾಟಬೇಡಿ.

ಜಗಳ ಮುಗಿಯದಿದ್ದರೆ ಹೀಗೆ ಮಾಡಿ. ಮಳೆಗಾಲದಲ್ಲಿ ಟಾಗೋರ್ ಬೀಚಿಗೆ ಒಂಟಿ ಚಪ್ಪಲಿಗಳು ಬಂದು ಬೀಳುತ್ತವಲ್ಲ, ಅದನ್ನೇ ಹಿಡಿಯಿರಿ. ಒಂದೇ ಚಪ್ಪಲಿ ದಿನಾ ಬೆಳಿಗ್ಗೆ ಮನೆ ಮೆಟ್ಟಿಲ ಮೇಲೆ ಕಂಡರೆ ಹಾರರ್. ಅದು ನಿನ್ನೆಯಿಂದ ಫೋನ್ ಎತ್ತದ ಗೆಳೆಯನದಾದರೆ ಥ್ರಿಲ್ಲರ್. ಹೊಸ ಚಪ್ಪಲಿ, ಬ್ರಾಂಡೆಡ್ಡು, ಇನ್ನೊಂದು ಸಿಗುವವರೆಗೆ ಬಿಡುವುದಿಲ್ಲ ಅಂತ ಒಬ್ಬ ಗೋವಾ ಗಡಿಯ ಮಾಜಾಳಿವರೆಗೆ ಹುಡುಕುತ್ತಾ ಹೋದರೆ ಕಾಮಿಡಿ. ಐದೂ ಜನ ಬೇರೆಬೇರೆ ಕೂತು ಎರಡೆರಡು ಸಾಲಲ್ಲಿ ತಮ್ಮ ಕಥೆ ಬರೆಯಿರಿ, ನಂತರ ಜೋರಾಗಿ ಓದಿ. ಯಾವುದಕ್ಕೆ ಉಳಿದವರು ‘ಆಮೇಲೇನಾಯ್ತು’ ಅಂತ ಕೇಳುತ್ತಾರೋ ಅದನ್ನು ತೆಗೆದುಕೊಳ್ಳಿ, ಅದು ನಾನು ಬೇಡ ಅಂದ ಹಾರರ್ ಆದರೂ ಸರಿ.

ಮಳೆಯ ವಿಷಯ ಬೇರೆಯೇ ಹೇಳಬೇಕು. ಮಳೆ ಕ್ಯಾಮೆರಾದಲ್ಲಿ ಕಾಣಬೇಕಾದರೆ ಅದರ ಹಿಂದಿನಿಂದ ಬೆಳಕು ಬೀಳಬೇಕು, ಇಲ್ಲದಿದ್ದರೆ ಎಷ್ಟೇ ಜೋರಾಗಿ ಸುರಿದರೂ ಬರೀ ಮಬ್ಬು. ಒಂದು ಶಾಟ್‌ನಲ್ಲಿ ಮಳೆ, ಮುಂದಿನದರಲ್ಲಿ ಬಿಸಿಲು ಆದರೆ ದೃಶ್ಯ ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೇ ಒಳಗಿನ ಕಥೆ ಒಳ್ಳೆಯದು ಅಂದಿದ್ದು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಫೋನಿನಲ್ಲಿ ಎರಡು ನಿಮಿಷ ಬೇರೆ ರೆಕಾರ್ಡ್ ಮಾಡಿಟ್ಟುಕೊಂಡು ಇಡೀ ದೃಶ್ಯದ ಕೆಳಗೆ ಹಾಕಿದರೆ ಹೊರಗೆ ಏನಾಗುತ್ತಿದ್ದರೂ ಗೊತ್ತಾಗುವುದಿಲ್ಲ. ಮನೆಯೊಳಗೆ ಟ್ಯೂಬ್‌ಲೈಟ್, ಎಲ್‌ಇಡಿ ಇದ್ದರೆ ಶಟರ್ ವೇಗವನ್ನು ಸೆಕೆಂಡಿನ 1/50ರಲ್ಲಿ ಇಡಿ, ಇಲ್ಲದಿದ್ದರೆ ಬೆಳಕು ಮಿಣಮಿಣ ಅನ್ನುತ್ತದೆ. ಸಮುದ್ರದ ಪಕ್ಕ ಮಾತುಕತೆ ಇಡಲೇಬೇಡಿ, ಅಲೆಯ ಸದ್ದು ಕಟ್ ಕಟ್‌ಗೂ ಬದಲಾಗುತ್ತದೆ.

ಹೊರಗಿನ ಶಾಟ್ ಬೇಕೇ ಬೇಕು ಅಂದರೆ ಜುಲೈ 31ರೊಳಗೆ ಬೈತಖೋಲ ಬಂದರಿಗೆ ಹೋಗಿ. ಜೂನ್ 1ರಿಂದ ಅಲ್ಲಿಯವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲೇ ಇರುತ್ತವೆ. ಆಗಸ್ಟ್ ಬಂದರೆ ನಿಮ್ಮನ್ನು ಮಾತಾಡಿಸಲಿಕ್ಕೂ ಯಾರಿಗೂ ಪುರುಸೊತ್ತಿರುವುದಿಲ್ಲ. ಬಂದರಿನ ಕಚೇರಿಯಲ್ಲಿ ಮೊದಲೇ ಕೇಳಿ, ಕಾಲೇಜಿನ ಪತ್ರ ಜೊತೆಗಿರಲಿ. ಡ್ರೋನ್ ಮಾತ್ರ ಬೇಡ, ಹತ್ತಿರದಲ್ಲೇ ನೌಕಾನೆಲೆ ಇದೆ.

ಮೈಕಿಗೆ ದುಡ್ಡು ಹಾಕಬೇಡಿ. ನನ್ನ ಹತ್ತಿರ ಒಂದು ಕಾಲರ್ ಮೈಕ್ ಸುಮ್ನೆ ಬಿದ್ದಿದೆ, ಶಿರಸಿ ಕಡೆ ಬರುವವರಿದ್ದರೆ ತೆಗೆದುಕೊಂಡು ಹೋಗಲಿ. ಬ್ಯಾಟರಿ ನೀವೇ ಹಾಕಿಕೊಳ್ಳಬೇಕು.