ಬಾಂಬೆ ಗುಂಪು: ‘ಓ’ ರಕ್ತವೂ ಏಕೆ ಒಗ್ಗದು?

‘ತಮ್ಮನ ರಕ್ತದ ಗುಂಪು ಬಾಂಬೆ ಎಂದರು; ಓ ಎಲ್ಲರಿಗೂ ಆಗುತ್ತದಲ್ಲ, ಅವನಿಗೇಕೆ ಆಗುವುದಿಲ್ಲ?’ ಎಂದು ಕೇಳಿದ್ದೀರಿ. ಓ ರಕ್ತಕಣದ ಮೇಲೆ ಎ, ಬಿ ಇಲ್ಲದಿದ್ದರೂ ಎಚ್ ಎಂಬ ಗುರುತು ಧಾರಾಳವಾಗಿರುತ್ತದೆ. ನಿಮ್ಮ ತಮ್ಮನಲ್ಲಿ ಅದೂ ಇಲ್ಲ. ಹಾಗಾಗಿ ಅವನ ದೇಹಕ್ಕೆ ಓ ಕೂಡ ಪರಕೀಯವೇ.

ಇದು ತಿಳಿದದ್ದರ ಹಿಂದೆ ಜೀವರಸಾಯನ ವಿಜ್ಞಾನಿ ವಿನಿಫ್ರೆಡ್ ವಾಟ್ಕಿನ್ಸ್ ಅವರ ದಶಕಗಳ ದುಡಿಮೆಯಿದೆ. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ವಾಲ್ಟರ್ ಮಾರ್ಗನ್ ಜೊತೆ ಅವರು ಈ ಗುರುತುಗಳ ರಸಾಯನವನ್ನು ಬಿಡಿಸುತ್ತಿದ್ದರು. ಕೆಂಪು ಕಣಗಳಿಂದ ಸಿಗುವ ಪದಾರ್ಥ ತೀರಾ ಅತ್ಯಲ್ಪ. ಹಾಗಾಗಿ ಅವರು ಹಿಡಿದದ್ದು ವಿಚಿತ್ರ ದಾರಿ: ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಡಾಶಯದ ಗಡ್ಡೆಗಳ ದ್ರವ! ಅದರಲ್ಲಿ ಇದೇ ಗುರುತುಗಳು ಕರಗಿದ ರೂಪದಲ್ಲಿ ಹೇರಳವಾಗಿದ್ದವು. ಎಚ್ ಗುರುತನ್ನು ಹಿಡಿದು ಓ ಕಣಗಳನ್ನು ಗಂಟುಕಟ್ಟಿಸುವ ಹಾವುಮೀನಿನ ಸೀರಮ್‌ಗೆ (ರಕ್ತದ ತಿಳಿ ದ್ರವಕ್ಕೆ) ಒಂದೊಂದೇ ಸಕ್ಕರೆ ಬೆರೆಸಿ ನೋಡಿದರು. ಫ್ಯೂಕೋಸ್ ಬೆರೆಸಿದಾಗ ಗಂಟುಕಟ್ಟುವುದು ನಿಂತಿತು. ಎಚ್‌ನ ಕೀಲಿ ಆ ಸಕ್ಕರೆಯೇ.

ಅದೇ ವರ್ಷ, 1952ರಲ್ಲಿ, ಮುಂಬೈಯ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಬಾಂಬೆ ಗುಂಪನ್ನು ವರದಿ ಮಾಡಿದ ಲೇಖನದಲ್ಲಿ ವಾಟ್ಕಿನ್ಸ್ ಸಹಲೇಖಕಿ. ಎ, ಬಿ ಎರಡೂ ಎಚ್‌ನ ಮೇಲೆ ಇನ್ನೊಂದೊಂದು ಸಕ್ಕರೆ ಕೂಡಿ ಆಗುತ್ತವೆ. ಬುನಾದಿಯೇ ಇಲ್ಲದವರಲ್ಲಿ ಮೇಲಿನದು ನಿಲ್ಲುವುದಾದರೂ ಎಲ್ಲಿ?

ಒಂದು ಕಿವಿಮಾತು: ಎ, ಬಿ ಗುರುತುಗಳನ್ನು ಪತ್ತೆಹಚ್ಚುವ ಸೀರಮ್ ಹನಿಗಳಷ್ಟೇ ಹಾಕಿದರೆ ಈ ರಕ್ತ ಓ ಎಂದೇ ಕಾಣುತ್ತದೆ. ತಮ್ಮನ ಗುಂಪನ್ನು ಬರೆದ ಚೀಟಿ ಸದಾ ಅವನ ಬಳಿಯಿರಲಿ. ಒಡಹುಟ್ಟಿದವರಲ್ಲಿ ಇದೇ ಗುಂಪು ಇರುವ ಸಾಧ್ಯತೆ ಹೊರಗಿನವರಿಗಿಂತ ಹೆಚ್ಚು, ನೀವೂ ಪರೀಕ್ಷೆ ಮಾಡಿಸಿ.